ಚಿಕ್ಕಪ್ಪನಿಗೆ, ಅತ್ತಿಗೆಯ ಮಂಡಿನೋವಿನ ಬಗ್ಗೆ

ಚಿಕ್ಕಪ್ಪಾ, ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಶಾರದತ್ತಿಗೆ ಮಂಡಿನೋವು ಅಂತ ಗ್ರೂಪಲ್ಲಿ ಹಾಕಿದ್ದಕ್ಕೆ ನೀವು "ಬಾಯಿ ಕಟ್ಟಿದರೆ ಆಸ್ಪತ್ರೆ ಖರ್ಚು ಉಳಿಯುತ್ತದೆ" ಅಂದಿರಿ. ಎಲ್ಲರೂ ನಕ್ಕರು. ಅತ್ತಿಗೆ ಆಮೇಲೆ ಒಂದಕ್ಷರ ಬರೆದಿಲ್ಲ, ನೋಡಿದಿರಾ?

ಖರ್ಚಿನ ಮಾತು ಸುಳ್ಳಲ್ಲ. ತೂಕ ಜಾಸ್ತಿ ಆದರೆ ಶುಗರ್, ಬಿಪಿ, ಮಂಡಿ ಸವೆತ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಒಂದರ ಹಿಂದೆ ಒಂದು ಬರಬಹುದು. ಒಂದೊಂದಕ್ಕೂ ಬೇರೆ ಡಾಕ್ಟರು, ಬೇರೆ ಮಾತ್ರೆ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗಿ ಬರುವಷ್ಟರಲ್ಲಿ ಇಡೀ ದಿನ ಹೋಯಿತು.

ಆದರೆ ಅತ್ತಿಗೆ ಮಂಡಿಗೆ ಇನ್ನೂ ಡಾಕ್ಟರ ಹತ್ತಿರ ಹೋಗಿಯೇ ಇಲ್ಲ. ನಾಚಿಕೆ. ಹೋದ ಮಳೆಗಾಲದಲ್ಲಿ ಕೆಮ್ಮಿಗೆ ಅಂತ ಒಂದು ಕಡೆ ಕರೆದುಕೊಂಡು ಹೋಗಿದ್ದೆ. ಬಿಪಿ ಪಟ್ಟಿ ತೋಳಿಗೆ ಸುತ್ತಿದರೆ ನಿಲ್ಲಲೇ ಇಲ್ಲ, ಗಾಳಿ ತುಂಬುತ್ತಿದ್ದ ಹಾಗೆ ಚರ್ ಅಂತ ಬಿಚ್ಚಿಕೊಂಡಿತು. ಸಿಸ್ಟರ್ ಅದನ್ನು ಕೈಯಲ್ಲಿ ಒತ್ತಿ ಹಿಡಿದು ಮತ್ತೆ ಪಂಪ್ ಮಾಡಿದರು. ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಡಾಕ್ಟರು ಕೆಮ್ಮು ಕೇಳುವ ಮೊದಲು ತೂಕ ಕೇಳಿದರು. ಅಲ್ಲಿಗೆ ಮುಗಿಯಿತು, ಅತ್ತಿಗೆ ಆಸ್ಪತ್ರೆ ಹೆಸರೇ ಎತ್ತುವುದಿಲ್ಲ. ಅಂದ ಹಾಗೆ, ಪಟ್ಟಿ ಚಿಕ್ಕದಾದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ದಪ್ಪ ತೋಳಿಗೆ ದೊಡ್ಡ ಪಟ್ಟಿ ಅಂತಲೇ ಬರುತ್ತದೆ, ಕೇಳಿ ಹಾಕಿಸಿಕೊಳ್ಳಬೇಕು.

ಹೀಗೆ ಹೆದರಿ ಮನೆಯಲ್ಲೇ ಕೂತರೆ ಏನಾಗುತ್ತದೆ? ಹತ್ತಿರದ ಪಿಎಚ್‌ಸಿಯಲ್ಲಿ (ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ) ಮುಗಿಯಬೇಕಾದದ್ದು ಕೊನೆಗೆ ಆಪರೇಷನ್‌ವರೆಗೂ ಹೋಗುತ್ತದೆ. ದೊಡ್ಡ ಬಿಲ್ಲು ಬರುವುದು ಆಗಲೇ.

ಇನ್ನೊಂದು, ಸಿಟ್ಟು ಮಾಡಿಕೊಳ್ಳಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಂಗಸರಲ್ಲೂ ಗಂಡಸರಲ್ಲೂ ನೂರಕ್ಕೆ ಸುಮಾರು 30 ಜನರಿಗೆ ತೂಕ ಜಾಸ್ತಿ. ನಮ್ಮ ದೇಶದವರಿಗೆ ಸೊಂಟದ ಲೆಕ್ಕ ಬೇರೆ: ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ದಾಟಬಾರದು. ಪಂಚೆ ಪಾಪ ಎಷ್ಟು ಹೊಟ್ಟೆಗೂ ಹೊಂದಿಕೊಳ್ಳುತ್ತದೆ, ಹಾಗಾಗಿ ನಮಗೆ ಗೊತ್ತಾಗುವುದಿಲ್ಲ ಅಷ್ಟೆ. ಮೊದಲು ತೋಟಕ್ಕೆ ದಿನಾ ಗುಡ್ಡ ಹತ್ತಿ ಇಳಿಯುತ್ತಿದ್ದೆವು. ಈಗ ಜೀಪು. ಮಳೆ ಹಿಡಿದರೆ ಜಗಲಿ, ಹಲಸಿನ ಹಪ್ಪಳ. ಅತ್ತಿಗೆ ಒಬ್ಬರೇ ತಿಂದದ್ದಲ್ಲ, ಅಲ್ವಾ?

ಅತ್ತಿಗೆ, ನೀವೂ ಕೇಳಿ. ಇಪ್ಪತ್ತು ಕೆಜಿ ಇಳಿಸಿ ಅಂತ ನಾನು ಹೇಳುತ್ತಿಲ್ಲ. ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ಸುಮಾರು ನಾಲ್ಕು ಕೆಜಿ ಭಾರ ಕಡಿಮೆ. ಐದು ಕೆಜಿ ಇಳಿದರೂ ಮೆಟ್ಟಿಲು ಹತ್ತುವಾಗ ಗೊತ್ತಾಗುತ್ತದೆ. ಮೊದಲು ಪಿಎಚ್‌ಸಿಗೆ ಹೋಗೋಣ. 30 ದಾಟಿದವರಿಗೆ ಬಿಪಿ, ಶುಗರ್ ಪುಕ್ಕಟೆ ನೋಡುತ್ತಾರೆ. ನಾನು ಬರುತ್ತೇನೆ, ಮಾತಾಡುವುದು ನನಗೆ ಬಿಡಿ.

ಚಿಕ್ಕಪ್ಪಾ, ಸೋಮವಾರ ಕಾರು ಖಾಲಿ ಇದೆಯಾ ಹೇಳಿ. ಬಸ್ಸು ಹತ್ತುವುದು ಅವರಿಗೆ ಕಷ್ಟ. ನಿಮ್ಮ ಬಿಪಿಯನ್ನೂ ಅಲ್ಲೇ ನೋಡಿಸಿಬಿಡೋಣ.