ಅಪ್‌ಡೇಟ್: ಅಂಜೂರದ ಎಲೆರೋಗ ಹತೋಟಿಗೆ ಬಂತು

ಪುಣೆಯ ನಮ್ಮ ಬಾಲ್ಕನಿಗೆ ನರ್ಸರಿಯಿಂದ ತಂದ ಅಂಜೂರದ ಕುಂಡಗಳಲ್ಲಿ ಎಲೆ ಹಳದಿಯಾಗಿ ಉದುರುತ್ತಿವೆ, ಏನು ಮಾಡಲಿ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ.

ನಿಮ್ಮಲ್ಲೊಬ್ಬರು ಹೇಳಿದಂತೆ ಎಲೆ ತಿರುಗಿಸಿ ನೋಡಿದೆ. ಮೇಲೆ ಹಳದಿ ಚುಕ್ಕಿ, ಅಡಿಯಲ್ಲಿ ಕಂದು ಗುಳ್ಳೆ. ಒರೆಸಿದರೆ ಬೆರಳಿಗೆ ಕೆಂಗಂದು ಪುಡಿ ಅಂಟಿತು. ತುಕ್ಕು ರೋಗವೇ, ಅನುಮಾನವಿಲ್ಲ. ನಮ್ಮ ಪುಣೆ ಜಿಲ್ಲೆಯ ಪುರಂದರ ತಾಲೂಕಿನ ಅಂಜೂರಕ್ಕೆ 2016ರಲ್ಲಿ ಜಿಐ ಟ್ಯಾಗ್ (ಆ ಊರಿನದೇ ವಿಶೇಷ ಬೆಳೆ ಎಂಬ ಸರ್ಕಾರಿ ಮಾನ್ಯತೆ) ಬಂದಿದೆ ನೋಡಿ, ಆ ತೋಟಗಳಿಗೂ ಇದೇ ಕಾಟ.

ರೋಗ ತಗುಲಿದ ಎಲೆ ಕಿತ್ತು, ಮಣ್ಣಿನ ಮೇಲೆ ಬಿದ್ದವನ್ನೂ ಆರಿಸಿ ಚೀಲ ಕಟ್ಟಿ ಕಸಕ್ಕೆ ಹಾಕಿದೆ, ಕಾಂಪೋಸ್ಟ್ ಡಬ್ಬಿಗಲ್ಲ. ಮಳೆ ಬಿಡುವು ಕೊಟ್ಟ ಸಂಜೆ ಲೀಟರ್ ನೀರಿಗೆ 2 ಗ್ರಾಂ ಮ್ಯಾಂಕೊಜೆಬ್ ಎಂಬ ಶಿಲೀಂಧ್ರನಾಶಕ ಪುಡಿ ಕಲಸಿ, ಎಲೆಯ ಅಡಿಗೂ ತಾಗುವಂತೆ ಸಿಂಪಡಿಸಿದೆ. ಕೈಗವಸು, ಮಾಸ್ಕ್ ಬೇಕೇ ಬೇಕು. ಈಗ ನೀರು ಬುಡಕ್ಕೆ ಮಾತ್ರ, ಕುಂಡಗಳ ನಡುವೆ ಗಾಳಿಯಾಡಲು ಜಾಗ. ಬೇವಿನೆಣ್ಣೆಯೊಂದೇ ಸಾಕು ಅನ್ನುವವರ ಜೊತೆ ಜಗಳವಿಲ್ಲ, ಆದರೆ ತುಕ್ಕಿಗೆ ನಾನಂತೂ ಅದನ್ನು ನೆಚ್ಚಿಕೊಳ್ಳಲ್ಲ.

ಹಳೇ ಎಲೆಯ ಕಲೆ ಹೋಗಲ್ಲ. ಹೊಸ ಚಿಗುರು ಮಾತ್ರ ಚೊಕ್ಕಟವಾಗಿ ಬರ್ತಿದೆ. ಒಂದರಲ್ಲಿ ಪುಟ್ಟ ಕಾಯಿಗಳೂ ಇದ್ದವು, ಔಷಧಿ ಬಿದ್ದಿತ್ತಲ್ಲ, ಕಿತ್ತೆಸೆದೆ. ಮಗಳಿಗೆ ಇನ್ನೂ ಸಿಟ್ಟು ಇಳಿದಿಲ್ಲ.