ಹಳೆಯ ಡೆಸ್ಕ್‌ಟಾಪ್‌ನ ಯಾವ ಭಾಗಗಳನ್ನು ಉಳಿಸಿಕೊಳ್ಳಬಹುದು?

ಪ್ರಶ್ನೆ:
ನಾಲ್ಕನೇ ತಲೆಮಾರಿನ ಇಂಟೆಲ್ ಐ5 ಪ್ರೊಸೆಸರ್ ಹಾಗೂ 8 ಜಿಬಿ ಡಿಡಿಆರ್3 ರ‍್ಯಾಮ್ ಇರುವ ನನ್ನ ಡೆಸ್ಕ್‌ಟಾಪ್ ವಿಂಡೋಸ್ 11ಕ್ಕೆ ಅರ್ಹವಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಫೋಟೊ ತಿದ್ದಲು, ಸಣ್ಣ ವಿಡಿಯೊಗಳನ್ನು ಸಂಕಲಿಸಲು ಹೊಸದೊಂದನ್ನು ನಾನೇ ಜೋಡಿಸಬೇಕೆಂದಿದ್ದೇನೆ. ಹಳೆಯದರಲ್ಲಿ ಏನನ್ನು ಉಳಿಸಿಕೊಳ್ಳಲಿ?

ಉತ್ತರ 1:
ಮಾನಿಟರ್, ಕೀಬೋರ್ಡ್ ಮತ್ತು ಇದ್ದರೆ ಸಾಟಾ ಎಸ್‌ಎಸ್‌ಡಿಯನ್ನು (ಕೇಬಲ್ ಮೂಲಕ ಜೋಡಿಸುವ ಸಂಗ್ರಹ ಡ್ರೈವ್) ಧಾರಾಳವಾಗಿ ಉಳಿಸಿಕೊಳ್ಳಿ. ಹೊಸ ಮದರ್‌ಬೋರ್ಡಿನ ಅಳತೆಗೆ ಹೊಂದಿದರೆ ಕ್ಯಾಬಿನೆಟ್ ಕೂಡ ಸಾಕು. ಆದರೆ ಡಿಡಿಆರ್3 ರ‍್ಯಾಮಿನ ಕಚ್ಚು ಬೇರೆ ಜಾಗದಲ್ಲಿರುವುದರಿಂದ ಅದು ಹೊಸ ಮದರ್‌ಬೋರ್ಡಿನ ಡಿಡಿಆರ್5 (ಹೊಸ ತಲೆಮಾರಿನ ರ‍್ಯಾಮ್) ಸ್ಲಾಟಿನಲ್ಲಿ ಕೂರುವುದೇ ಇಲ್ಲ; ಆದ್ದರಿಂದ ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್ ಮೂರನ್ನೂ ಒಟ್ಟಿಗೇ ಬದಲಿಸಬೇಕಾಗುತ್ತದೆ. ವಿಡಿಯೊ ಕೆಲಸಕ್ಕೆ 32 ಜಿಬಿ ರ‍್ಯಾಮ್ ಇರಲಿ.

ಉತ್ತರ 2:
ಪವರ್ ಸಪ್ಲೈಯನ್ನು ಮಾತ್ರ ದಯವಿಟ್ಟು ಹೊಸದಾಗಿಯೇ ಕೊಳ್ಳಿ. ಅದರೊಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು ವರ್ಷಗಟ್ಟಲೆ ಬಿಸಿಯುಂಡು ಸೊರಗಿರುತ್ತವೆ. ಅಂಥ ಹಳೆಯ ಘಟಕವನ್ನೇ ಹೊಸ ಯಂತ್ರಕ್ಕೆ ಜೋಡಿಸಿದ್ದ ನಾನು, ಅದು ಕೆಟ್ಟ ದಿನ ಮದರ್‌ಬೋರ್ಡನ್ನೂ ಕಳೆದುಕೊಂಡೆ. ನಿಮಗೆ ಹಾಗಾಗುವುದು ಬೇಡ.

ಉತ್ತರ 3:
ಸಾಟಾ ಎಸ್‌ಎಸ್‌ಡಿಯ ವೇಗ ಸೆಕೆಂಡಿಗೆ ಸುಮಾರು 550 ಎಂಬಿಗೆ ನಿಲ್ಲುತ್ತದೆ. ವಿಂಡೋಸನ್ನು ಅದಕ್ಕಿಂತ ವೇಗದ ಹೊಸ ಎನ್‌ವಿಎಂಇ ಎಸ್‌ಎಸ್‌ಡಿ ಡ್ರೈವಿಗೆ ಹಾಕಿ, ಹಳೆಯದನ್ನು ಫೋಟೊಗಳ ಸಂಗ್ರಹಕ್ಕೆ ಬಳಸಿ. ಬಿಚ್ಚುವ ಮೊದಲು ಎಲ್ಲ ಕಡತಗಳ ಪ್ರತಿಯೊಂದನ್ನು ಬೇರೆಡೆ ಇಟ್ಟುಕೊಳ್ಳಿ.