9800ಎಕ್ಸ್3ಡಿ ಓವರ್‌ಕ್ಲಾಕ್‌ಗೆ ಯಾವ ಮದರ್‌ಬೋರ್ಡ್? ಬಿ650 ಸಾಕೋ, ಎಕ್ಸ್870ಇ ಬೇಕೋ?

ಬಿಸಿಲೂರು_ಕಲಬುರಗಿ

ನಮಸ್ಕಾರ್ರಿ. ಗೇಮಿಂಗ್ ಪಿಸಿ ಜೋಡಸ್ಲಿಕತ್ತೀನಿ. ರೈಜೆನ್ 7 9800ಎಕ್ಸ್3ಡಿ, ಆರ್‌ಟಿಎಕ್ಸ್ 5070 ಟಿಐ, 32 ಜಿಬಿ ಡಿಡಿಆರ್5, ಎರಡು ಎನ್‌ವಿಎಂಇ ಎಸ್‌ಎಸ್‌ಡಿ, ಇಷ್ಟು ಗಟ್ಟಿ ಆಗ್ಯದ. ಬೋರ್ಡ್ ಒಂದೇ ಬಾಕಿ. ಎಕ್ಸ್870ಇ ತಗೊಂಡ್ರ ಓವರ್‌ಕ್ಲಾಕ್ ಜಾಸ್ತಿ ಸಿಗ್ತದಂತ ಅಂಗಡಿಯವರು ಹೇಳ್ತಾರ. ಬಿ650ಕ್ಕೂ ಅದಕ್ಕೂ ಇಪ್ಪತ್ತು ಸಾವಿರದ ಮ್ಯಾಲೆ ಫರಕ ಅದ. ರೂಮಿಗೆ ಎಸಿ ಇಲ್ಲ, ಮೇ ತಿಂಗಳದಾಗ ಒಳಗೇ 38-40 ಡಿಗ್ರಿ ಇರ್ತದ. ಈ ಬಿಸಿಗೆ ಬಿ650 ತಡೀತದೇನ್ರಿ? ಆರಿಸೋವಾಗ ಏನೇನು ನೋಡಬೇಕು?

ವೋಲ್ಟ್‌ಮೀಟರ್

ಬಿ650, ಎಕ್ಸ್870ಇ ಅನ್ನುವುದು ಚಿಪ್‌ಸೆಟ್‌ನ, ಅಂದರೆ ಬೋರ್ಡಿನ ಪೋರ್ಟು, ಸ್ಲಾಟುಗಳನ್ನು ನಿಭಾಯಿಸುವ ಚಿಪ್‌ನ ಹೆಸರು. ಅದರಿಂದ ಓವರ್‌ಕ್ಲಾಕ್ (ನಿಗದಿತ ವೇಗಕ್ಕಿಂತ ಹೆಚ್ಚು ಓಡಿಸುವುದು) ಅಳೆಯಬೇಡಿ. ಎಎಂ5ನಲ್ಲಿ (ಈ ಸಿಪಿಯು ಕೂರುವ ಎಎಂಡಿ ಸಾಕೆಟ್) ಬಿ650, ಬಿ850, ಎಕ್ಸ್670, ಎಕ್ಸ್870 ಎಲ್ಲದರಲ್ಲೂ ಸಿಪಿಯು ಮತ್ತು ಮೆಮೊರಿ ಓವರ್‌ಕ್ಲಾಕ್ ಮಾಡಬಹುದು. ಸಿಪಿಯು ಓವರ್‌ಕ್ಲಾಕ್ ಇಲ್ಲದಿರುವುದು ಎ620 ಮತ್ತು ಬಿ840ರಲ್ಲಿ. ಬಿ840ನ್ನು ಬಿ850ರ ತಮ್ಮ ಅಂದುಕೊಂಡು ತಂದುಬಿಡಬೇಡಿ. ಇಂಟೆಲ್‌ಗೆ ಝಡ್ ಸರಣಿಯ ಬೋರ್ಡೇ ಬೇಕು ಅನ್ನುವ ನಿಯಮವನ್ನು ಅಂಗಡಿಯವರು ಇಲ್ಲಿಗೂ ಹಚ್ಚಿರಬಹುದು.

ಎಕ್ಸ್870ಇಗೆ ಕೊಡುವ ಹೆಚ್ಚಿನ ದುಡ್ಡು ಹೋಗುವುದು ಯುಎಸ್‌ಬಿ4, ಪಿಸಿಐಇ 5.0 (ಗ್ರಾಫಿಕ್ಸ್ ಕಾರ್ಡ್, ಎಸ್‌ಎಸ್‌ಡಿಗಳ ಸಂಪರ್ಕ), ಹೆಚ್ಚು ಪೋರ್ಟುಗಳಿಗೆ. 5070 ಟಿಐ ಕಾರ್ಡು ಪಿಸಿಐಇ 4.0 ಎಕ್ಸ್16ನಲ್ಲಿ ಓಡಿದರೆ ಆಟದಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಇಲ್ಲ.

ನಿಮ್ಮ ಊರಿನ ಬಿಸಿಗೆ ನೋಡಬೇಕಾದ್ದು ವಿಆರ್‌ಎಂ, ಅಂದರೆ ವೋಲ್ಟೇಜ್ ಇಳಿಸಿ ಸಿಪಿಯುಗೆ ಕರೆಂಟ್ ಕೊಡುವ ಬೋರ್ಡಿನ ಭಾಗ. 9800ಎಕ್ಸ್3ಡಿಯ ಟಿಡಿಪಿ (ಕೂಲರ್ ಆರಿಸಲು ಕೊಡುವ ಬಿಸಿಯ ಅಂದಾಜು) 120 ವ್ಯಾಟ್, ಸಾಕೆಟ್ ಮಿತಿ 162 ವ್ಯಾಟ್, ನಿರಂತರ ಕರೆಂಟ್ ಮಿತಿ 120 ಆಂಪಿಯರ್. ಬೋರ್ಡಿನಲ್ಲಿ 8+2+1 ಫೇಸ್ (ಕರೆಂಟ್ ಹಂಚಿಕೊಂಡು ಕೊಡುವ ಸಾಲುಗಳು) ಅಂತಿದ್ದರೆ ಕೋರ್‌ಗೆ 8 ಫೇಸ್, ಅಂದರೆ ಒಂದೊಂದಕ್ಕೆ 15 ಆಂಪಿಯರ್. ಫೇಸ್‌ನ ಪವರ್ ಸ್ಟೇಜ್ (ಕರೆಂಟ್ ಹರಿಸುವ ಚಿಪ್) 60 ಆಂಪಿಯರ್‌ನದಾದರೆ ಅದರ ಕಾಲು ಭಾಗ ಅಷ್ಟೇ ದುಡಿಯುತ್ತದೆ. ಹಾಗಾಗಿ 16, 18 ಫೇಸ್ ಅಂತ ಡಬ್ಬಿಯ ಮೇಲೆ ಬರೆದದ್ದಕ್ಕೆ ಮರುಳಾಗುವುದು ಬೇಡ. ಈ ಸಿಪಿಯುಗೆ ಅದು ಪ್ರಯೋಜನಕ್ಕೆ ಬರುವುದಿಲ್ಲ. ಒಂದೇ ಪ್ಯಾಕೇಜಿನ ಸ್ಮಾರ್ಟ್ ಪವರ್ ಸ್ಟೇಜ್ ಇದೆಯೇ, ಬಿಡಿ ಮಾಸ್‌ಫೆಟ್‌ಗಳೇ (ಬೇರೆ ಬೇರೆ ಸ್ವಿಚ್ ಟ್ರಾನ್ಸಿಸ್ಟರ್‌ಗಳು) ಎಂದು ವಿಮರ್ಶೆಗಳಲ್ಲಿ ಹುಡುಕಿ. ಬಿಡಿ ಮಾಸ್‌ಫೆಟ್ ಇರುವ, ಒಂದೇ ಕಡೆ ಪುಟ್ಟ ಹೀಟ್‌ಸಿಂಕ್ ಇರುವ ಅಗ್ಗದ ಬಿ650ಎಂ ಬೋರ್ಡನ್ನು ಕಲಬುರಗಿಗೆ ತರಬೇಡಿ. ಕೋಣೆ 10 ಡಿಗ್ರಿ ಏರಿದರೆ ವಿಆರ್‌ಎಂ ಕೂಡ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. 25 ಡಿಗ್ರಿ ಕೋಣೆಯಲ್ಲಿ ಮಾಡಿದ ವಿಮರ್ಶೆಯಲ್ಲಿ 75 ಇದ್ದರೆ ನಿಮಗದು 90. ಹೀಟ್‌ಸಿಂಕ್‌ನಲ್ಲಿ ನಿಜವಾದ ರೆಕ್ಕೆಗಳಿರಲಿ, ನುಣುಪಾದ ಅಲ್ಯೂಮಿನಿಯಂ ಗಟ್ಟಿ ನೋಡಲಿಕ್ಕಷ್ಟೇ ಚೆನ್ನ.

ರ‍್ಯಾಂಕ್_ಎರಡು

ವಿಆರ್‌ಎಂ ಬಗ್ಗೆ ಪೂರ್ತಿ ಒಪ್ಪಿಗೆ. ಆದರೆ ದುಬಾರಿ ಬೋರ್ಡಿನಿಂದ ಓವರ್‌ಕ್ಲಾಕ್‌ಗೆ ಏನೂ ಸಿಗುವುದೇ ಇಲ್ಲ ಅನ್ನುವ ಹಾಗಿಲ್ಲ. ಕೆಲವು ಬೋರ್ಡುಗಳಲ್ಲಿ ಪ್ರತ್ಯೇಕ ಕ್ಲಾಕ್ ಜನರೇಟರ್ ಇರುತ್ತದೆ. ಅದರಿಂದ ಪಿಸಿಐಇ ಕ್ಲಾಕ್ ಮುಟ್ಟದೆ ಸಿಪಿಯು ಬೇಸ್ ಕ್ಲಾಕ್ ಒಂದನ್ನೇ ಏರಿಸಬಹುದು. ಸಿಪಿಯು ವೇಗ ಅಂದರೆ ಬೇಸ್ ಕ್ಲಾಕ್ ಗುಣಿಸು ಮಲ್ಟಿಪ್ಲೈಯರ್. ಮಲ್ಟಿಪ್ಲೈಯರ್‌ಗೆ ಬೀಗ ಹಾಕಿದ್ದ 7800ಎಕ್ಸ್3ಡಿಗೆ ಅದು ಬೇಕಿತ್ತು. 9800ಎಕ್ಸ್3ಡಿಗೆ ಆ ಬೀಗ ಇಲ್ಲ, ಪಿಬಿಒದಲ್ಲೇ (ಎಎಂಡಿಯದೇ ವೇಗ ಏರಿಸುವ ಬಯೋಸ್ ಸೆಟ್ಟಿಂಗ್) 200 ಮೆಗಾಹರ್ಟ್ಸ್ ಸೇರಿಸಿ 5.2ರಿಂದ 5.4 ಗಿಗಾಹರ್ಟ್ಸ್‌ವರೆಗೆ ಹೋಗಬಹುದು. ನಿಮಗೆ ಅಷ್ಟು ಸಾಕು.

ಮೆಮೊರಿಗೆ 16 ಜಿಬಿಯ ಎರಡು ಸ್ಟಿಕ್, ಡಿಡಿಆರ್5-6000 ಸಿಎಲ್30 (ವೇಗ 6000, ವಿಳಂಬ 30), ಎಕ್ಸ್‌ಪೋ (ಆ ವೇಗವನ್ನು ಒಂದೇ ಸಲ ಹೊಂದಿಸುವ ಪ್ರೊಫೈಲ್) ಇರುವ ಕಿಟ್. ನಾಲ್ಕು ಸ್ಟಿಕ್ ಹಾಕಿದರೆ ಎಎಂಡಿ ಖಾತರಿ ಕೊಡುವ ವೇಗ 3600ಕ್ಕೆ ಇಳಿಯುತ್ತದೆ. ಸಿಪಿಯು ಕಡೆಯಿಂದ ಎಣಿಸಿ ಎರಡನೆಯ, ನಾಲ್ಕನೆಯ ಸ್ಲಾಟಿಗೆ ಹಾಕಿ. ಮೊದಲ ಸಲ ಆನ್ ಮಾಡಿದಾಗ ಮೆಮೊರಿ ಟ್ರೇನಿಂಗ್‌ಗೆ (ಬೋರ್ಡು ಮೆಮೊರಿಗೆ ಹೊಂದಿಕೊಳ್ಳಲು) ಹಲವು ನಿಮಿಷ ಪರದೆ ಕಪ್ಪಗೇ ಇರಬಹುದು, ಗಾಬರಿಯಾಗಿ ಸ್ವಿಚ್ ಆರಿಸಬೇಡಿ. ಯೂಟ್ಯೂಬ್ ನೋಡಿ ಟಿಆರ್‌ಇಎಫ್‌ಐ (ಎರಡು ರಿಫ್ರೆಶ್‌ಗಳ ನಡುವಿನ ಅವಧಿ) ಅನ್ನು 65535ಕ್ಕೆ ಏರಿಸುವವರಿದ್ದಾರೆ. ಅದು ಏರಿದಷ್ಟೂ ಮೆಮೊರಿ ಸೆಲ್‌ಗಳು ರಿಫ್ರೆಶ್ ಆಗುವುದು ಅಪರೂಪವಾಗುತ್ತದೆ. ಬಿಸಿ ಸೆಲ್‌ನಲ್ಲಿ ಚಾರ್ಜ್ ಬೇಗ ಸೋರುತ್ತದೆ. ಡಿಸೆಂಬರ್‌ನಲ್ಲಿ ಗಟ್ಟಿಯಾಗಿ ನಿಂತ ಸೆಟ್ಟಿಂಗ್ ಮೇನಲ್ಲಿ ಕ್ರ್ಯಾಶ್ ಆಗುವುದು ಇದರಿಂದಲೇ.

ಇನ್ನೊಂದು, ಎರಡು ಎಸ್‌ಎಸ್‌ಡಿ ಅಂದಿರಿ. ಬೋರ್ಡಿನ ಮ್ಯಾನುಯಲ್ ಡೌನ್‌ಲೋಡ್ ಮಾಡಿ ಎಂ.2 (ಎಸ್‌ಎಸ್‌ಡಿ ಸ್ಲಾಟ್) ಪುಟ ಓದಿ. ಕೆಲವು ಎಕ್ಸ್870, ಎಕ್ಸ್870ಇ ಬೋರ್ಡುಗಳಲ್ಲೇ ಎರಡನೆಯ ಎಂ.2 ತುಂಬಿದರೆ ಗ್ರಾಫಿಕ್ಸ್ ಸ್ಲಾಟ್ ಎಕ್ಸ್16ರಿಂದ ಎಕ್ಸ್8ಕ್ಕೆ (16 ಲೇನ್, ಅಂದರೆ ಡೇಟಾ ದಾರಿಗಳಿಂದ 8ಕ್ಕೆ) ಇಳಿಯುತ್ತದೆ, ಇಲ್ಲವೇ ಯುಎಸ್‌ಬಿ4ರ ಲೇನ್ ಅರ್ಧವಾಗುತ್ತದೆ. ಎರಡನೆಯ ಎಸ್‌ಎಸ್‌ಡಿಯನ್ನು ಚಿಪ್‌ಸೆಟ್‌ಗೆ ಸೇರಿದ ಸ್ಲಾಟಿಗೆ ಹಾಕಿದರೆ ಈ ತಕರಾರಿಲ್ಲ.

ಪೋಸ್ಟ್‌ಕೋಡ್

ಬಯೋಸ್ ಫ್ಲ್ಯಾಶ್‌ಬ್ಯಾಕ್ ಬಟನ್ (ಪಿಸಿ ಆನ್ ಆಗದೆಯೂ ಪೆನ್‌ಡ್ರೈವ್‌ನಿಂದ ಬಯೋಸ್, ಅಂದರೆ ಬೋರ್ಡಿನ ಮೂಲ ಸಾಫ್ಟ್‌ವೇರ್, ಅಪ್‌ಡೇಟ್ ಮಾಡುವುದು) ಇಲ್ಲದ ಬಿ650 ಬೇಡವೇ ಬೇಡ. ಹಳೆಯ ಸ್ಟಾಕ್ ಆದರೆ 9800ಎಕ್ಸ್3ಡಿಯನ್ನು ಗುರುತಿಸದೆ ಬೋರ್ಡ್ ಸುಮ್ಮನೆ ಕೂರುತ್ತದೆ. ಪೆನ್‌ಡ್ರೈವ್ ಎಫ್‌ಎಟಿ32ಗೆ ಫಾರ್ಮ್ಯಾಟ್ ಮಾಡಿ, ಮ್ಯಾನುಯಲ್ ಹೇಳಿದ ಹೆಸರಿಟ್ಟು ಬಯೋಸ್ ಫೈಲ್ ಒಂದನ್ನೇ ಹಾಕಿ, ಗುರುತು ಮಾಡಿದ ಯುಎಸ್‌ಬಿ ಪೋರ್ಟಿಗೆ ಚುಚ್ಚಿ. 24 ಪಿನ್ ಮತ್ತು ಸಿಪಿಯು 8 ಪಿನ್ ಪವರ್ ಕೇಬಲ್ ಎರಡೂ ಕೂತಿರಲಿ, ಎಸ್‌ಎಂಪಿಎಸ್ ಸ್ವಿಚ್ ಆನ್, ಪಿಸಿ ಆಫ್. ಬಟನ್ ಒತ್ತಿ ಹಿಡಿದು ದೀಪ ಮಿನುಗಲು ಶುರುವಾದಾಗ ಬಿಡಿ, ದೀಪ ನಿಲ್ಲುವವರೆಗೂ ಏನೂ ಮುಟ್ಟಬೇಡಿ. ಕರೆಂಟ್ ಹೋಗಿಬರುವ ಕಡೆ ಯುಪಿಎಸ್ ಮೇಲೆ ಮಾಡಿ.

ಎಕ್ಸ್‌ಪೋ ಆನ್ ಮಾಡಿದ ಮೇಲೆ ಎಸ್‌ಒಸಿ ವೋಲ್ಟೇಜ್ (ಸಿಪಿಯುವಿನ ಮೆಮೊರಿ ಕಂಟ್ರೋಲರ್ ಭಾಗಕ್ಕೆ ಹೋಗುವುದು) ಎಷ್ಟಿದೆ ಅಂತ ಕಣ್ಣಾರೆ ನೋಡಿ. 2023ರಲ್ಲಿ 7800ಎಕ್ಸ್3ಡಿಗಳು ಸುಟ್ಟ ವರದಿಗಳು ಬಂದ ಮೇಲೆ ಎಎಂಡಿ ಅದಕ್ಕೆ 1.3 ವೋಲ್ಟ್ ಮಿತಿ ಹಾಕಿದೆ. 6000ಕ್ಕೆ ಸಾಮಾನ್ಯವಾಗಿ 1.2ರ ಆಸುಪಾಸು ಸಾಕಾಗುತ್ತದೆ.

ಬಿಸಿಲೂರು_ಕಲಬುರಗಿ

ಭಾಳ ಉಪಕಾರ ಆಯ್ತ್ರಿ. ಹಂಗಾದ್ರ ಗಟ್ಟಿ ಹೀಟ್‌ಸಿಂಕ್, ಫ್ಲ್ಯಾಶ್‌ಬ್ಯಾಕ್ ಇರೋ ಬಿ650 ನೋಡ್ತೀನಿ. ಉಳಿದ ರೊಕ್ಕದಾಗ ಲಿಕ್ವಿಡ್ ಕೂಲರ್ ಹಾಕ್ಲೇನು? ಪಿಬಿಒ ಎಲ್ಲಿಂದ ಶುರು ಮಾಡ್ಲಿ?

ವೋಲ್ಟ್‌ಮೀಟರ್

162 ವ್ಯಾಟ್‌ಗೆ ಒಳ್ಳೆಯ ಡ್ಯುಯಲ್ ಟವರ್ ಏರ್ ಕೂಲರ್ ಸಾಕು. ಲಿಕ್ವಿಡ್ ಹಾಕಿದರೆ ಸಾಕೆಟ್ ಸುತ್ತ ಗಾಳಿ ಕಡಿಮೆಯಾಗಿ ವಿಆರ್‌ಎಂ ಹೆಚ್ಚು ಬಿಸಿಯಾಗಬಹುದು. ಟವರ್ ಕೂಲರ್‌ನ ಫ್ಯಾನ್ ಆ ಕಡೆಗೂ ಗಾಳಿ ಆಡಿಸುತ್ತದೆ. ಲಿಕ್ವಿಡ್ಡೇ ಬೇಕೆಂದರೆ ರೇಡಿಯೇಟರ್ ಕೇಸಿನ ಮೇಲ್ಭಾಗದಲ್ಲಿ, ಬಿಸಿಗಾಳಿ ಹೊರಗೆ ಹೋಗುವಂತೆ ಇರಲಿ.

ಪಿಬಿಒ ಅಡ್ವಾನ್ಸ್ಡ್‌ನಲ್ಲಿ ಮೊದಲು ಥರ್ಮಲ್ ಲಿಮಿಟ್ 85ಕ್ಕೆ ಇಡಿ. ಕರ್ವ್ ಆಪ್ಟಿಮೈಸರ್ (ಕೋರ್‌ಗೆ ಕೊಡುವ ವೋಲ್ಟೇಜ್ ಇಳಿಸುವ ಸೆಟ್ಟಿಂಗ್) ಎಲ್ಲ ಕೋರ್‌ಗೂ ಮೈನಸ್ 15, ನಿಂತರೆ ಐದೈದೇ ಇಳಿಸುತ್ತ ಹೋಗಿ. 200 ಮೆಗಾಹರ್ಟ್ಸ್ ಸೇರಿಸುವುದು ಅದಾದ ಮೇಲೆ. ಸಿನೆಬೆಂಚ್ (ಎಲ್ಲ ಕೋರ್‌ಗೂ ಭಾರ ಹಾಕುವ ಪರೀಕ್ಷೆ) ಪಾಸಾಯಿತೆಂದು ನಂಬಬೇಡಿ. ವೋಲ್ಟೇಜ್ ಕೊರತೆ ಬಯಲಾಗುವುದು ಒಂದೇ ಕೋರ್ ಪೂರ್ತಿ ವೇಗದಲ್ಲಿ ಹಗುರ ಕೆಲಸ ಮಾಡುವಾಗ, ಅದಕ್ಕೆ ಕೋರ್‌ಸೈಕ್ಲರ್ (ಕೋರ್‌ಗಳನ್ನು ಒಂದೊಂದಾಗಿ ಪರೀಕ್ಷಿಸುವ ಪ್ರೋಗ್ರಾಮ್) ರಾತ್ರಿಯಿಡೀ ಓಡಲಿ. ಸಿನೆಬೆಂಚನ್ನು ಅರ್ಧ ಗಂಟೆ ಸುತ್ತಿಸುವುದು ವಿಆರ್‌ಎಂ ಬಿಸಿ ನೋಡಲಿಕ್ಕೆ: ಎಚ್‌ಡಬ್ಲ್ಯುಇನ್ಫೋದಲ್ಲಿ (ಬಿಸಿ ತೋರಿಸುವ ಪ್ರೋಗ್ರಾಮ್) ವಿಆರ್‌ಎಂ ಮಾಸ್ ಸಾಲು ಮಧ್ಯಾಹ್ನದ ಹೊತ್ತು 95ರೊಳಗಿದ್ದರೆ ಬೋರ್ಡ್ ತಡೆಯುತ್ತದೆ. ದಾಟಿದರೆ ಹಿಂಬದಿಯ ಫ್ಯಾನ್ ವೇಗ ಹೆಚ್ಚಿಸಿ, ಆಮೇಲೂ ಇಳಿಯದಿದ್ದರೆ ಪಿಪಿಟಿಯನ್ನು (ಮೇಲೆ ಹೇಳಿದ 162 ವ್ಯಾಟ್‌ನ ಸಾಕೆಟ್ ಮಿತಿ) 140ಕ್ಕೆ ತನ್ನಿ. ಆಟದಲ್ಲಿ ಈ ಸಿಪಿಯು ಅಷ್ಟು ವ್ಯಾಟ್ ಎಳೆಯುವುದೇ ಇಲ್ಲವಾದ್ದರಿಂದ ಫ್ರೇಮ್ ಕಡಿಮೆಯಾಗುವುದಿಲ್ಲ.